28.8ರ ಮೋಡೆಮ್ ಮೇಲೆ ಎಂಟು ಜನರ ಯುದ್ಧ: ಏಜ್ ಆಫ್ ಎಂಪೈರ್ಸ್ ಪ್ರಕರಣ

ಫೋನ್ ಲೈನಿಗೆ ಕಂಪ್ಯೂಟರನ್ನು ಜೋಡಿಸುವ 28.8ರ ಮೋಡೆಮ್‌ನ ವೇಗ ಸೆಕೆಂಡಿಗೆ 28,800 ಬಿಟ್. ಎಂಟರಿಂದ ಭಾಗಿಸಿದರೆ 3,600 ಬೈಟ್. ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರ ನೂರು ಕಿಲೋಬೈಟ್ ಇದೆ ಅಂದುಕೊಳ್ಳಿ. ಈ ಲೈನಿನಲ್ಲಿ ಅದು ಇಳಿಯಲು ಹತ್ತಿರಹತ್ತಿರ ಅರ್ಧ ನಿಮಿಷ ಬೇಕು. 1990ರ ದಶಕದ ನಡುವಿನಲ್ಲಿ ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಇದ್ದದ್ದು ಇಂಥ ಇಂಟರ್ನೆಟ್ಟೇ. ನಮ್ಮಲ್ಲಿ ಜನರಿಗೆ ಇಂಟರ್ನೆಟ್ ಸಿಗತೊಡಗಿದ್ದೇ 1995ರ ಆಗಸ್ಟ್ 15ರಿಂದ, ಅದೂ ಕೆಲವೇ ನಗರಗಳಲ್ಲಿ.

ಇಂಥ ಲೈನಿನ ಮೇಲೆ ಎಂಟು ಜನ ಸೇರಿ ದೊಡ್ಡ ಯುದ್ಧದ ಆಟ ಆಡುವಂತಾಗಬೇಕು ಎಂದು ಹೊರಟದ್ದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದ ಎನ್ಸೆಂಬಲ್ ಸ್ಟುಡಿಯೋಸ್. ಆಟ ಏಜ್ ಆಫ್ ಎಂಪೈರ್ಸ್. 1997ರಲ್ಲಿ ಮೈಕ್ರೋಸಾಫ್ಟ್ ಅದನ್ನು ಮಾರುಕಟ್ಟೆಗೆ ತಂದಿತು. ತಂಡದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರಲ್ಲಿ ತಾವು ಮಾಡಿದ್ದನ್ನು, ಎಡವಿದ್ದನ್ನು ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. 28.8ರ ಮೋಡೆಮ್ ಮೇಲೆ 1,500 ಬಿಲ್ಲುಗಾರರು ಎಂಬುದು ಆ ಬರಹದ ತಲೆಬರಹ. ಗೇಮ್ ಬರೆಯುವವರು ಇವತ್ತಿಗೂ ಅದನ್ನು ಓದುತ್ತಾರೆ. ಆಡುವವರು ಅಷ್ಟಾಗಿ ಓದಿಲ್ಲ. ನಿಧಾನದ ನೆಟ್‌ನಲ್ಲಿ ಆಡಿ ಒದ್ದಾಡುವವರಿಗೆ ಅದರಲ್ಲಿ ಸರಕು ಜಾಸ್ತಿ ಇದೆ ಅನ್ನುವುದು ನನ್ನ ಅನಿಸಿಕೆ.

ಲೆಕ್ಕ ಕೂಡಲಿಲ್ಲ

ತಂಡ ಮೊದಲೇ ಒಂದು ಗೆರೆ ಹಾಕಿಕೊಂಡಿತ್ತು. 90 ಮೆಗಾಹರ್ಟ್ಸ್‌ನ ಪೆಂಟಿಯಂ, 16 ಎಂಬಿ ರ‍್ಯಾಮ್, 28.8ರ ಮೋಡೆಮ್. ಇಷ್ಟೇ ಇರುವ ಕಂಪ್ಯೂಟರಿನಲ್ಲೂ ಆಟ ಸೆಕೆಂಡಿಗೆ 15 ಫ್ರೇಮ್ (ಅಂದರೆ 15 ಚಿತ್ರ) ಓಡಬೇಕು. ಅಕ್ಕಪಕ್ಕದ ಕಂಪ್ಯೂಟರುಗಳ ಲ್ಯಾನ್‌ನಲ್ಲೂ ನಡೆಯಬೇಕು, ಫೋನ್ ಲೈನ್ ಮೇಲೆ ಮೋಡೆಮ್‌ನಿಂದ ಮೋಡೆಮ್‌ಗೂ ನಡೆಯಬೇಕು, ಇಂಟರ್ನೆಟ್‌ನಲ್ಲೂ ನಡೆಯಬೇಕು. ಪ್ರೊಸೆಸರಿನ ಸಮಯದಲ್ಲಿ ಸುಮಾರು ಶೇ 30 ಚಿತ್ರ ಬಿಡಿಸಲು ಹೋಗುತ್ತಿತ್ತು. ಇನ್ನೊಂದು ಶೇ 30 ದಾರಿ ಹುಡುಕಲು ಮತ್ತು ಕಂಪ್ಯೂಟರ್ ಆಟಗಾರನ ಬುದ್ಧಿಗೆ. ಮತ್ತೊಂದು ಶೇ 30 ಆಟದ ಲೋಕವನ್ನು ನಡೆಸಲು. ನೆಟ್‌ವರ್ಕಿಗೆ ಅಂತ ಉಳಿಯುತ್ತಿದ್ದದ್ದು ಚೂರುಪಾರು.

ಸುಲಭದ ದಾರಿ ಒಂದಿತ್ತು. ಪ್ರತಿ ಸೈನಿಕ ಎಲ್ಲಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ, ಏನು ಮಾಡುತ್ತಿದ್ದಾನೆ, ಎಷ್ಟು ಪೆಟ್ಟು ತಿಂದಿದ್ದಾನೆ ಎಂಬುದನ್ನು ಎಲ್ಲರಿಗೂ ಕಳಿಸುತ್ತಾ ಇರುವುದು. ಹೀಗೆ ಮಾಡಿದರೆ ಓಡಾಡುವ ಪಾತ್ರಗಳು ಹೆಚ್ಚೆಂದರೆ 250 ಎಂದು ಅವರ ಲೆಕ್ಕ ಹೇಳಿತು. ನಾವೂ ಒಮ್ಮೆ ಕೂಡಿ ನೋಡಬಹುದು. ಒಬ್ಬ ಬಿಲ್ಲುಗಾರನ ಸಮಾಚಾರವನ್ನು ಹೇಗೋ ಒತ್ತಿ ಎಂಟು ಬೈಟಿಗೆ ಇಳಿಸಿದೆವು ಅನ್ನಿ. 1,500 ಜನರಿಗೆ 12,000 ಬೈಟ್. ಸೆಕೆಂಡಿಗೆ 3,600 ಬೈಟ್ ಹೋಗುವ ಲೈನಿನಲ್ಲಿ ಇದು ಒಂದೇ ಒಂದು ಸಲ ತಲುಪಲು ಮೂರು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಬಾಣ ಬಿಟ್ಟವನೂ ಸತ್ತಿರುತ್ತಾನೆ, ತಿಂದವನೂ ಸತ್ತಿರುತ್ತಾನೆ.

ಅವರಿಗೆ ಬೇಕಾಗಿದ್ದದ್ದೋ ದೊಡ್ಡ ದಂಡು. ಒಂದು ಕಡೆ ಕವಣೆಯಂತ್ರಗಳು ಗ್ರೀಕ್ ಪಟ್ಟಣವನ್ನು ಒಡೆಯುತ್ತಿರಬೇಕು, ಇನ್ನೊಂದು ಕಡೆ ಸಮುದ್ರದಿಂದ ಹಡಗುಗಳು ಮುತ್ತಿಗೆ ಹಾಕುತ್ತಿರಬೇಕು. 250 ಪಾತ್ರಗಳಲ್ಲಿ ಅದೆಲ್ಲ ಆಗುವ ಮಾತಲ್ಲ.

ಸೈನಿಕರನ್ನು ಬಿಟ್ಟು ಆಜ್ಞೆಯನ್ನು ಕಳಿಸು

ಹಿಂದೆ ಅಂಚೆ ಕಾರ್ಡಿನಲ್ಲಿ ಚದುರಂಗ ಆಡುವವರಿದ್ದರು. ಇಬ್ಬರ ಮನೆಯಲ್ಲೂ ಒಂದೊಂದು ಮಣೆ. ಅಂಚೆಯಲ್ಲಿ ಹೋಗುವುದು ಒಂದೇ ಸಾಲು: ಕುದುರೆ ಇಲ್ಲಿಂದ ಅಲ್ಲಿಗೆ. ಎರಡೂ ಮಣೆಗಳು ಒಂದೇ ಥರ ಶುರುವಾಗಿವೆ, ಇಬ್ಬರೂ ಒಂದೇ ನಿಯಮದಲ್ಲಿ ಕಾಯಿ ನಡೆಸುತ್ತಾರೆ. ಹಾಗಾಗಿ ಇಡೀ ಮಣೆಯ ಚಿತ್ರ ಕಳಿಸುವ ಅಗತ್ಯವೇ ಬೀಳುವುದಿಲ್ಲ.

ಎನ್ಸೆಂಬಲ್ ಹಿಡಿದದ್ದು ಇದೇ ದಾರಿ. ಎಂಟೂ ಕಂಪ್ಯೂಟರುಗಳಲ್ಲಿ ಪೂರ್ತಿ ಲೋಕ ಓಡುತ್ತಿರುತ್ತದೆ. ಅದೇ ನಕ್ಷೆ, ಅದೇ ಕಾಡು, ಅದೇ ಜಿಂಕೆ. ತಂತಿಯ ಮೇಲೆ ಹೋಗುವುದು ಆಟಗಾರನ ಆಜ್ಞೆ ಮಾತ್ರ: ಈ ಗುಂಪು ಆ ಗುಡ್ಡದ ಹತ್ತಿರ ಹೋಗಲಿ. ಗುಂಪಿನಲ್ಲಿ ಐದು ಜನರಿದ್ದರೂ ಐವತ್ತು ಜನರಿದ್ದರೂ ಆಜ್ಞೆ ಒಂದೇ. ಆ ಗುಂಪು ಎಷ್ಟು ಹೊತ್ತು ನಡೆದರೂ, ಹೊಡೆದಾಡಿದರೂ, ಸತ್ತರೂ ಮತ್ತೆ ಒಂದು ಬೈಟೂ ಖರ್ಚಾಗುವುದಿಲ್ಲ. ದಂಡಿನ ಗಾತ್ರಕ್ಕೂ ನೆಟ್‌ನ ವೇಗಕ್ಕೂ ಇದ್ದ ನಂಟು ಅಲ್ಲಿಗೆ ಕಡಿದುಹೋಯಿತು. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಜಾಗ ಇದು. ಲೈನನ್ನು ಜೋರು ಮಾಡಲು ಅವರು ಹೋಗಲೇ ಇಲ್ಲ. ಅದರ ಮೇಲೆ ಹೊರಿಸುವ ಭಾರವನ್ನೇ ಇಳಿಸಿಬಿಟ್ಟರು.

ಎರಡು ಸರದಿ ಆಚೆಗೆ

ಭಾರ ಇಳಿದರೂ ತಡ ಹಾಗೇ ಉಳಿಯಿತು. ಆಜ್ಞೆ ಚಿಕ್ಕದಾದ ಮಾತ್ರಕ್ಕೆ ಬೇಗ ತಲುಪುವುದಿಲ್ಲ. ಮೋಡೆಮ್ ತಾನೇ ಒಂದಿಷ್ಟು ಹೊತ್ತು ತಿನ್ನುತ್ತದೆ, ದಾರಿಯಲ್ಲಿ ಇನ್ನಷ್ಟು ಹೋಗುತ್ತದೆ. ಎಂಟು ಕಡೆಯೂ ಅದೇ ಆಜ್ಞೆ ಆಟದ ಅದೇ ಗಳಿಗೆಯಲ್ಲಿ ಜಾರಿಯಾಗಬೇಕು. ಒಂದು ಕಡೆ ಹಿಂದೆಮುಂದೆ ಆದರೂ ಲೋಕಗಳು ಬೇರೆಬೇರೆ ದಾರಿ ಹಿಡಿಯುತ್ತವೆ.

ಅದಕ್ಕೆ ಅವರು ಹೊತ್ತನ್ನು ಸರದಿಗಳಾಗಿ ಕತ್ತರಿಸಿದರು. ಒಂದು ಸರದಿ ಸಾಮಾನ್ಯವಾಗಿ 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ನೀವು 1,000ನೇ ಸರದಿಯಲ್ಲಿ ಮೌಸ್ ಒತ್ತಿದಿರಿ ಅನ್ನಿ. ಆ ಆಜ್ಞೆ ಜಾರಿಯಾಗುವುದು 1,002ನೇ ಸರದಿಯಲ್ಲಿ. ನಿಮ್ಮ ಕಂಪ್ಯೂಟರಿನಲ್ಲೂ ಅಷ್ಟೆ, ಬೇರೆಯವರ ಕಂಪ್ಯೂಟರಿನಲ್ಲೂ ಅಷ್ಟೆ. ನಡುವೆ ಸಿಕ್ಕ ಹೊತ್ತಿನಲ್ಲಿ ಆಜ್ಞೆ ಎಲ್ಲ ಕಡೆ ತಲುಪುತ್ತದೆ, ತಲುಪಿತು ಎಂಬ ಉತ್ತರವೂ ಬರುತ್ತದೆ. ಅಷ್ಟು ಹೊತ್ತು ಆಟ ನಿಂತಿರುವುದಿಲ್ಲ. ಹಿಂದಿನ ಆಜ್ಞೆಗಳು ನಡೆಯುತ್ತಿರುತ್ತವೆ, ಚಿತ್ರ ಓಡುತ್ತಲೇ ಇರುತ್ತದೆ. ನೀವು ಹೇಳಿದ ಕೂಡಲೇ ಬಿಲ್ಲುಗಾರ ಬಾಯಲ್ಲಿ ಹೂಂ ಅನ್ನುತ್ತಾನೆ. ಕಾಲು ಎತ್ತುವುದು ಆಮೇಲೆ. ಆ ಹೂಂಗೆ ನೆಟ್ ಬೇಕಿಲ್ಲ ನೋಡಿ.

ಸಂದೇಶ ಸಾಗಿಸಲು ಅವರು ಆರಿಸಿಕೊಂಡದ್ದು ಇಂಟರ್ನೆಟ್‌ನ ಯುಡಿಪಿ ಎಂಬ ವಿಧಾನ. ಕಳಿಸಿದ್ದು ತಲುಪುತ್ತದೆ ಎಂಬ ಖಾತ್ರಿ ಅದರಲ್ಲಿ ಇಲ್ಲ. ಕಳೆದುಹೋದದ್ದನ್ನು ಪತ್ತೆ ಮಾಡುವುದು, ಮತ್ತೆ ಕಳಿಸುವುದು, ಸಾಲಾಗಿ ಜೋಡಿಸುವುದು ಎಲ್ಲವನ್ನೂ ಆಟವೇ ನೋಡಿಕೊಳ್ಳುತ್ತಿತ್ತು.

ಇನ್ನೊಂದು ನಿಯಮ ಕಠೋರವಾದದ್ದು. ಎಲ್ಲರೂ ಒಂದೇ ಸರದಿಯಲ್ಲಿ ನಡೆಯಬೇಕಾದ್ದರಿಂದ ಆಟದ ವೇಗವನ್ನು ಕಟ್ಟಿಹಾಕುವವನು ಎಲ್ಲರಿಗಿಂತ ಹಿಂದಿರುವವನು. ಅವನ ನೆಟ್ ನಿಧಾನ ಇರಬಹುದು, ಕಂಪ್ಯೂಟರೇ ಮುದಿಯಾಗಿರಬಹುದು. ಎಂಟರಲ್ಲಿ ಏಳು ಜನರದ್ದು ಚುರುಕು ಇದ್ದರೂ ಪ್ರಯೋಜನ ಇಲ್ಲ. ಪ್ರತಿ ಕಂಪ್ಯೂಟರೂ ತಾನು ತಡವರಿಸದೆ ಎಷ್ಟು ಫ್ರೇಮ್ ಓಡಿಸಬಲ್ಲೆ, ತನ್ನ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಎಷ್ಟು ಎಂದು ಅಳೆದು ಹೇಳುತ್ತಿತ್ತು. ಆಟ ನಡೆಸುವ ಕಂಪ್ಯೂಟರ್ ಅದನ್ನು ನೋಡಿ ಸರದಿಯ ಉದ್ದವನ್ನು ಹಿಗ್ಗಿಸುತ್ತಿತ್ತು, ಕುಗ್ಗಿಸುತ್ತಿತ್ತು. ಮೋಡೆಮ್ ತಡವರಿಸಿದರೆ ಸರದಿ ಕೂಡಲೇ ಉದ್ದವಾಗುತ್ತದೆ. ಸರಿಹೋದ ಮೇಲೆ ತಕ್ಷಣ ಕುಗ್ಗುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಈ ಮೆಲ್ಲಗೆ ಅನ್ನುವುದಕ್ಕೆ ಕಾರಣ ಆಡುವವರ ಸ್ವಭಾವದಲ್ಲಿತ್ತು.

ಆಡುವವರಿಗೆ ಅನಿಸಿದ್ದು

ತಂಡ ಜನರನ್ನು ಕೂರಿಸಿ ಆಡಿಸಿ ನೋಡಿತು. ಒತ್ತಿದ ಮೇಲೆ 250 ಮಿಲಿಸೆಕೆಂಡಿನೊಳಗೆ ಸೈನಿಕ ಹೊರಟರೆ ತಡವಾಯಿತು ಎಂದು ಯಾರಿಗೂ ಅನಿಸಲಿಲ್ಲ. 250ರಿಂದ 500ರವರೆಗೂ ಆರಾಮಾಗಿ ಆಡಿದರು. 500 ದಾಟಿದ ಮೇಲಷ್ಟೇ ಗೊತ್ತಾಗತೊಡಗಿತು. ಇವತ್ತು 80 ಪಿಂಗ್ ಬಂದರೆ ಕೀಬೋರ್ಡ್ ಕುಟ್ಟುವವರಿಗೆ ಇದು ನಂಬಲಾಗದ ಮಾತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಆಟಗಾರರು ಸ್ವಲ್ಪ ಹೊತ್ತಿನಲ್ಲೇ ಒಂದು ಲಯಕ್ಕೆ ಬೀಳುತ್ತಿದ್ದರು. ಒತ್ತಿದರೆ ಇಷ್ಟು ಹೊತ್ತಿಗೆ ಹೊರಡುತ್ತಾನೆ ಎಂಬ ಅಂದಾಜು ಕೈಗೇ ಬಂದುಬಿಡುತ್ತಿತ್ತು. ತಡ ಯಾವಾಗಲೂ 500 ಮಿಲಿಸೆಕೆಂಡ್ ಇದ್ದರೆ ಹೊಂದಿಕೊಳ್ಳುತ್ತಿದ್ದರು. ಒಮ್ಮೆ 80, ಒಮ್ಮೆ 500 ಆದರೆ ಆಗುತ್ತಿರಲಿಲ್ಲ. ಅದು ಎಳೆದಾಡುತ್ತದೆ, ಆಡಲು ಬರುವುದಿಲ್ಲ ಅನ್ನುತ್ತಿದ್ದರು. ಸರಾಸರಿ ತೆಗೆದರೆ ಎರಡನೆಯದೇ ಚುರುಕು. ಆದರೂ ಜನರಿಗೆ ಬೇಕಾದದ್ದು ಮೊದಲನೆಯದು. ಹೀಗಾಗಿ ತಂಡ ಬೇಕೆಂತಲೇ ಆಟವನ್ನು ಒಂದೇ ಸಮನೆ ನಿಧಾನವಾಗಿ ಇಟ್ಟಿತು. ನಿಧಾನದ ನೆಟ್ ಬಗ್ಗೆ ದೂರುವ ನಾವೆಲ್ಲ ನಿಜಕ್ಕೂ ದೂರುತ್ತಿರುವುದು ಬಹಳ ಸಲ ನಿಧಾನವನ್ನಲ್ಲ, ಏರುಪೇರನ್ನು.

ಇದರ ಜೊತೆಗೆ ಇನ್ನೊಂದು ತಮಾಷೆಯ ಸಂಗತಿಯೂ ಬಯಲಾಯಿತು. ಶತ್ರು ಮೇಲೆ ಬಿದ್ದಾಗ ಜನ ಗಾಬರಿಯಾಗಿ ಅದೇ ಜಾಗದ ಮೇಲೆ ಟಕಟಕ ಅಂತ ಒತ್ತುತ್ತಾರೆ. ಲಿಫ್ಟ್ ಬಟನ್ ಮೇಲೂ ಇದನ್ನೇ ಮಾಡುತ್ತೇವೆ ಅಲ್ವಾ. ಒಂದೊಂದು ಒತ್ತೂ ಒಂದೊಂದು ಆಜ್ಞೆಯಾಗಿ ತಂತಿಯ ಮೇಲೆ ಹೊರಡುತ್ತಿತ್ತು. ಯುದ್ಧ ಕಾವೇರಿದ ಹೊತ್ತಿಗೇ ಲೈನೂ ಕಟ್ಟಿಕೊಳ್ಳುತ್ತಿತ್ತು. ಅದೇ ಆಜ್ಞೆ ಮತ್ತೆಮತ್ತೆ ಬಂದರೆ ಎಸೆದುಬಿಡುವ ಚಿಕ್ಕ ಜರಡಿಯೊಂದನ್ನು ಹಾಕಿದರು. ಅಷ್ಟಕ್ಕೇ ದಟ್ಟಣೆ ಗಮನಾರ್ಹವಾಗಿ ಇಳಿಯಿತು.

ದಾರಿ ತಪ್ಪಿದ ಜಿಂಕೆ

ಈ ಉಪಾಯಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಎಂಟು ಲೋಕಗಳು ಅಕ್ಷರಶಃ ಒಂದೇ ಆಗಿರಬೇಕು. ಸುಮಾರಾಗಿ ಒಂದೇ ಅಂದರೆ ನಡೆಯದು.

ಬೆಟ್ನರ್ ಮತ್ತು ಟೆರಾನೊ ಕೊಡುವ ಉದಾಹರಣೆ ಜಿಂಕೆಯದು. ನಕ್ಷೆ ಹುಟ್ಟುವಾಗ ಒಂದು ಕಂಪ್ಯೂಟರಿನಲ್ಲಿ ಜಿಂಕೆಯೊಂದು ಕೂದಲೆಳೆಯಷ್ಟು ಪಕ್ಕಕ್ಕೆ ನಿಂತಿತು. ಅದು ಮೇಯುತ್ತಾ ಹೋಗುವ ದಾರಿ ಸ್ವಲ್ಪ ಬೇರೆಯಾಯಿತು. ಕೆಲವು ನಿಮಿಷದ ಮೇಲೆ ಬೇಟೆಗೆ ಬಂದ ಹಳ್ಳಿಗನೂ ಸ್ವಲ್ಪ ಬೇರೆ ದಾರಿ ಹಿಡಿದ. ಈಟಿ ಗುರಿ ತಪ್ಪಿತು. ಅವನು ಬರಿಗೈಲಿ ಮನೆಗೆ ಹೋದ. ಒಂದು ಕಂಪ್ಯೂಟರಿನಲ್ಲಿ ಮಾಂಸ ಇದೆ, ಇನ್ನೊಂದರಲ್ಲಿ ಇಲ್ಲ. ಮಾಂಸ ಇದ್ದ ಕಡೆ ಇನ್ನೊಬ್ಬ ಸೈನಿಕ ಹುಟ್ಟುತ್ತಾನೆ, ಇಲ್ಲದ ಕಡೆ ಹುಟ್ಟುವುದಿಲ್ಲ. ಅಲ್ಲಿಂದ ಮುಂದೆ ಇಬ್ಬರು ಆಡುತ್ತಿರುವುದು ಎರಡು ಬೇರೆ ಆಟ.

ಪತ್ತೆ ಹಚ್ಚಲು ಪ್ರತಿ ಕಂಪ್ಯೂಟರೂ ತನ್ನ ಲೋಕದ ಮೊತ್ತವನ್ನು ಒಂದು ಸಂಖ್ಯೆಯಾಗಿ ಕೂಡಿ ಇತರರೊಂದಿಗೆ ತಾಳೆ ನೋಡುತ್ತಿತ್ತು. ತಾಳೆಯಾಗದಿದ್ದರೆ ಆಟ ಅಲ್ಲಿಗೇ ಬಂದ್. ಆದರೆ ತಾಳೆ ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಜಿಂಕೆ ಅಲುಗಾಡಿ ಎಷ್ಟೋ ಹೊತ್ತಾಗಿರುತ್ತಿತ್ತು. 50 ಎಂಬಿಯ ದಾಖಲೆಗಳನ್ನು ಎದುರುಬದುರು ಇಟ್ಟುಕೊಂಡು ಮೊದಲು ಎಲ್ಲಿ ಬೇರೆಯಾಯಿತು ಎಂದು ಹುಡುಕಬೇಕಿತ್ತು. ಎಷ್ಟು ಕಡೆ ಕಾವಲು ಹಾಕಿದರೂ ಒಂದಲ್ಲ ಒಂದು ನುಸುಳಿಕೊಳ್ಳುತ್ತಿತ್ತಂತೆ.

ರಾಂಡಮ್ ಸಂಖ್ಯೆಗಳದ್ದು ಇನ್ನೊಂದು ಕಾಟ. ಕಂಪ್ಯೂಟರಿನ ರಾಂಡಮ್ ಅಂದರೆ ಒಂದು ಬೀಜಸಂಖ್ಯೆಯಿಂದ ಹೊರಡುವ ಪಟ್ಟಿ ಅಷ್ಟೆ. ಎಲ್ಲರೂ ಒಂದೇ ಬೀಜದಿಂದ ಶುರು ಮಾಡಿದರೆ ಎಲ್ಲರಿಗೂ ಅದೇ ಪಟ್ಟಿ ಸಿಗುತ್ತದೆ. ಆದರೆ ಯಾರೋ ಒಬ್ಬ ಪ್ರೋಗ್ರಾಮರ್ ಪರದೆಯ ಮೇಲಿನ ಯಾವುದೋ ಅಲಂಕಾರಕ್ಕೆ ಅದೇ ಪಟ್ಟಿಯಿಂದ ಒಂದು ಸಂಖ್ಯೆ ಎತ್ತಿಕೊಂಡರೆ, ಆ ಪರದೆ ನೋಡದವರ ಪಟ್ಟಿ ಒಂದು ಹೆಜ್ಜೆ ಹಿಂದೆ ಬೀಳುತ್ತದೆ. ಆಮೇಲೆ ಬರುವ ಪ್ರತಿ ಬಾಣವೂ ಬೇರೆ.

ಲಾಭವೂ ಇತ್ತು. ಒಬ್ಬ ತನ್ನ ಕಂಪ್ಯೂಟರಿನಲ್ಲಿ ಚಿನ್ನ ಹೆಚ್ಚಿಸಿಕೊಂಡರೆ ತಾಳೆ ತಪ್ಪಿ ಆಟ ನಿಲ್ಲುತ್ತದೆ, ಮೋಸ ದಕ್ಕುವುದಿಲ್ಲ. ಆದರೆ ಕತ್ತಲಲ್ಲಿರುವ ನಕ್ಷೆಯನ್ನು ಕದ್ದು ನೋಡುವುದನ್ನು ತಡೆಯಲು ಕಷ್ಟ. ಪೂರ್ತಿ ಲೋಕ ಅವನ ಕಂಪ್ಯೂಟರಿನಲ್ಲೇ ಇದೆಯಲ್ಲ! 1999ರಲ್ಲಿ ಬಂದ ಎರಡನೇ ಆಟದಲ್ಲಿ ಆಡಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಆ ಫೈಲುಗಳು ಚಿಕ್ಕದಾಗಿರುವುದೂ ಇದೇ ಕಾರಣಕ್ಕೆ. ಅದರಲ್ಲಿ ಇರುವುದು ವಿಡಿಯೊ ಅಲ್ಲ, ಆಜ್ಞೆಗಳ ಪಟ್ಟಿ.

ತಂಡ ಇನ್ನೊಂದು ವಿಷಯವನ್ನೂ ಒಪ್ಪಿಕೊಂಡಿದೆ. ಆಫೀಸಿನ ಲ್ಯಾನ್ ಮೇಲೆ ಆಡಿ ಆಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದರು. ಮೋಡೆಮ್ ಮೇಲೆ ಹಾಕಿದಾಗ ಬೇರೆಯೇ ಬಣ್ಣ ಕಂಡಿತು. ಆಮೇಲಿನ ಆಟಗಳಲ್ಲಿ ಮೋಡೆಮ್ ಪರೀಕ್ಷೆಗೂ ಲ್ಯಾನ್‌ನಷ್ಟೇ ತೂಕ ಕೊಟ್ಟರು. ಬೆಂಗಳೂರಿನ ಫೈಬರ್ ಮೇಲೆ ಕೂತು ಆ್ಯಪ್ ಬರೆಯುವ ನಮ್ಮವರಿಗೂ ಈ ಮಾತನ್ನು ಯಾರಾದರೂ ಮುಟ್ಟಿಸಬೇಕು.

ಬಂದೂಕಿನ ಆಟಕ್ಕೆ ಇದು ಒಗ್ಗದು

ಈ ಉಪಾಯ ಎಲ್ಲ ಆಟಕ್ಕೂ ಹೊಂದುವುದಿಲ್ಲ. ದಂಡು ಅರ್ಧ ಸೆಕೆಂಡ್ ತಡವಾಗಿ ಹೊರಟರೆ ಸಹಜ ಅನಿಸುತ್ತದೆ. ಕೈಯಲ್ಲಿರುವ ಬಂದೂಕು ಅರ್ಧ ಸೆಕೆಂಡ್ ತಡವಾಗಿ ತಿರುಗಿದರೆ ತಲೆ ಸುತ್ತುತ್ತದೆ. 1996ರ ಜೂನ್‌ನಲ್ಲಿ ಬಂದ ಕ್ವೇಕ್ ಆಟದ ಪಾಡು ಮೋಡೆಮ್ ಮೇಲೆ ಹಾಗೇ ಆಗಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ವೇಕ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕ್ವೇಕ್‌ವರ್ಲ್ಡ್ ಎಂಬ ಬದಲಾವಣೆ ತಂದರು. ನಿಮ್ಮ ಕಂಪ್ಯೂಟರ್ ಸರ್ವರ್‌ನ (ಆಟ ನಡೆಸುವ ದೂರದ ಕಂಪ್ಯೂಟರಿನ) ಉತ್ತರಕ್ಕೆ ಕಾಯದೆ ನಿಮ್ಮನ್ನು ನಡೆಸಿಬಿಡುತ್ತದೆ, ಊಹೆ ತಪ್ಪಿದರೆ ಆಮೇಲೆ ಸರ್ವರ್ ತಿದ್ದುತ್ತದೆ. ಇಂದಿನ ಶೂಟಿಂಗ್ ಆಟಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ಓಡುತ್ತಿದ್ದ ನೀವು ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಹಿಂದೆ ಬಂದು ಬೀಳುತ್ತೀರಲ್ಲ, ಅದು ಆ ತಿದ್ದುಪಡಿ.

ಇವತ್ತಿನ ಮನೆಗೆ ತಂದರೆ

ಮಲೆನಾಡಿನ ಒಳಗಿನ ಮನೆಗಳಲ್ಲಿ ಈಗಲೂ ಒಂದು ಕಡ್ಡಿ ಸಿಗ್ನಲ್ ಮೇಲೆ ಹಾಟ್‌ಸ್ಪಾಟ್ ಹಾಕಿಕೊಂಡು ಬದುಕುವವರಿದ್ದಾರೆ. ಆ ಒಂದು ಕಡ್ಡಿಯೂ 28.8ರ ಮೋಡೆಮ್‌ಗಿಂತ ಎಷ್ಟೋ ಜೋರು. ಆದರೂ ಆಟ ಎಳೆದಾಡುತ್ತದೆ. ಸ್ಪೀಡ್ ಟೆಸ್ಟ್ ತೋರಿಸುವ ಎಂಬಿಪಿಎಸ್ ನೋಡಿ ತಲೆಕೆಡಿಸಿಕೊಳ್ಳುವುದು ಸುಮ್ನೆ ದಂಡ. ಆಡುವಾಗ ಹೆಚ್ಚಿನ ಆಟಗಳಿಗೆ ಬೇಕಾಗುವ ಡೇಟಾ ವಿಡಿಯೊ ನೋಡಲು ಬೇಕಾಗುವುದರ ಒಂದು ಚೂರು ಮಾತ್ರ. ಅದರ ಬದಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping -t ಎಂದು ಬರೆದು ಮುಂದೆ ಒಂದು ಸೈಟಿನ ವಿಳಾಸ ಹಾಕಿ, ಐದು ನಿಮಿಷ ಓಡಲು ಬಿಟ್ಟು Ctrl+C ಒತ್ತಿ ನಿಲ್ಲಿಸಿ. ಸರಾಸರಿ ಬೇಡ. ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವೆ ಎಷ್ಟು ಅಂತರ ಇದೆ, ಎಷ್ಟು ಉತ್ತರ ಕಳೆದುಹೋಗಿವೆ ಎಂಬುದನ್ನು ನೋಡಿ.

ಅಂತರ ಜಾಸ್ತಿ ಇದ್ದರೆ ಮೊದಲ ಅನುಮಾನ ಮನೆಯೊಳಗಿನ ಮೇಲೇ ಇರಲಿ. ಯಾರದೋ ಫೋನ್ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ರೌಟರಿನಲ್ಲಿ ಸಾಲು ಬೆಳೆಯುತ್ತದೆ. ನಿಮ್ಮ ಪುಟ್ಟ ಆಜ್ಞೆ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಪಿಂಗ್ ನೂರಾರು ಮಿಲಿಸೆಕೆಂಡಿಗೆ ಹಾರುವುದು ಹೀಗೆ. ಬ್ಯಾಕಪ್ ಮತ್ತು ಅಪ್‌ಡೇಟ್‌ಗಳನ್ನು ರಾತ್ರಿಗೆ ತಳ್ಳಿದರೆ ಅರ್ಧ ಕಾಯಿಲೆ ವಾಸಿ. ಕೆಲವು ರೌಟರುಗಳಲ್ಲಿ ಈ ಸಾಲನ್ನು ಹದ್ದುಬಸ್ತಿನಲ್ಲಿಡುವ ಎಸ್‌ಕ್ಯೂಎಂ ಎಂಬ ಸೆಟ್ಟಿಂಗ್ ಇರುತ್ತದೆ. ಅದರಲ್ಲಿ ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಿಮೆ ಮಿತಿ ಹಾಕಿದರೆ ಸಾಲು ಬೆಳೆಯುವುದೇ ಇಲ್ಲ. ವೇಗ ಸ್ವಲ್ಪ ಬಿಟ್ಟುಕೊಟ್ಟು ಒಂದೇ ಸಮ ಇರುವಂತೆ ಮಾಡಿಕೊಳ್ಳುವುದು. ಎನ್ಸೆಂಬಲ್ ಮಾಡಿದ್ದೂ ಅದನ್ನೇ. ಎರಡನೇ ಅನುಮಾನ ವೈಫೈ. ಹಳೇ ಮನೆಯ ದಪ್ಪ ಗೋಡೆ ದಾಟಿ ಬರುವ ವೈಫೈಗಿಂತ ಅಟ್ಟದ ಮೇಲಿಂದ ಎಳೆದ ಒಂದು ಲ್ಯಾನ್ ಕೇಬಲ್ ವಾಸಿ.

ಆಮೇಲೆ ದೂರದ ಮಾತು. ಫೈಬರಿನೊಳಗೆ ಬೆಳಕು ಹೋಗುವುದು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಮುಂಬೈ ಸುಮಾರು 840 ಕಿ.ಮೀ., ಸಿಂಗಪುರ ಸುಮಾರು 3,200 ಕಿ.ಮೀ. ಹೋಗಿ ಬರಲು ಮೊದಲನೆಯದಕ್ಕೆ ಎಂಟೊಂಬತ್ತು ಮಿಲಿಸೆಕೆಂಡ್, ಎರಡನೆಯದಕ್ಕೆ ಮೂವತ್ತೆರಡು. ಇದು ಕಡಿಮೆ ಪಕ್ಷ. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಆಟದ ಸೆಟ್ಟಿಂಗಿನಲ್ಲಿ ಮುಂಬೈ ಸರ್ವರ್ ಇದ್ದರೆ ಅದನ್ನೇ ಆರಿಸಿ. ಎಷ್ಟು ದುಡ್ಡಿನ ಪ್ಲಾನ್ ಹಾಕಿಸಿದರೂ ಸಿಂಗಪುರ ಹತ್ತಿರ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಏರುಪೇರು ನಿಲ್ಲದಿದ್ದರೆ ಆಟವನ್ನೇ ಬದಲಿಸುವುದು ಜಾಣತನ. ಸರದಿ ಪ್ರಕಾರ ಆಡುವ ಆಟಗಳು, ದಂಡು ಕಟ್ಟುವ ಆಟಗಳು, ಚದುರಂಗ ಇವೆಲ್ಲ ತಡವನ್ನು ತಾಳಿಕೊಳ್ಳುತ್ತವೆ. ಶೂಟಿಂಗ್ ಮತ್ತು ಕುಸ್ತಿಯ ಆಟಗಳು ತಾಳಿಕೊಳ್ಳುವುದಿಲ್ಲ. ಸರ್ವರಿನಲ್ಲಿ ಆಟ ಓಡಿಸಿ ಚಿತ್ರವನ್ನಷ್ಟೇ ಕಳಿಸುವ ಕ್ಲೌಡ್ ಗೇಮಿಂಗ್ ಅಂತೂ ಇಂಥ ಲೈನಿಗೆ ಆಗಿಬರುವುದೇ ಇಲ್ಲ. ಎನ್ಸೆಂಬಲ್ ಇಳಿಸಿದ್ದ ಭಾರವನ್ನೆಲ್ಲ ಅದು ತಂತಿಯ ಮೇಲೆ ವಾಪಸ್ ಹೇರುತ್ತದೆ.

ಇನ್ನು ಉಳಿಯುವುದು ಡೌನ್‌ಲೋಡ್. ಈಗಿನ ದೊಡ್ಡ ಆಟಗಳು ನೂರು ಜಿಬಿ ಮುಟ್ಟುತ್ತವೆ. 2 ಎಂಬಿಪಿಎಸ್ ಲೈನಿನಲ್ಲಿ ಅದು ಇಳಿಯಲು ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು, ಅದೂ ಕರೆಂಟ್ ಹೋಗದೆ ಇದ್ದರೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ 2023ರಿಂದ ಒಂದು ಸೌಲಭ್ಯ ಇದೆ. ಅದೇ ಆಟ ಇಳಿಸಿಕೊಂಡಿರುವ ಇನ್ನೊಂದು ಕಂಪ್ಯೂಟರ್ ಅದೇ ಲ್ಯಾನ್‌ನಲ್ಲಿದ್ದರೆ ಅಲ್ಲಿಂದಲೇ ನಕಲು ಮಾಡಿಕೊಳ್ಳುತ್ತದೆ, ಇಂಟರ್ನೆಟ್‌ನಿಂದ ಬರುವುದು ಅತ್ಯಲ್ಪ. ಪೇಟೆಯಲ್ಲಿರುವ ಗೆಳೆಯನ ಮನೆಗೆ ಲ್ಯಾಪ್‌ಟಾಪ್ ಒಯ್ಯುವುದಾದರೆ ಒಂದು ನೆಟ್‌ವರ್ಕ್ ಕೇಬಲ್ ಚೀಲಕ್ಕೆ ಹಾಕಿಕೊಳ್ಳಿ. ವೈಫೈಗಿಂತ ಬೇಗ ಮುಗಿಯುತ್ತದೆ.